ಮೊದಲ ತಟ್ಟೆ ಭೀಮಕ್ಕನದು

ಬುದ್ಧರು ನಡೆದಾಡಿದ ನೆಲ ನೋಡಲು ಜಗಳೂರಿನಿಂದ ಹೊರಟ ನಮ್ಮ ಯಾತ್ರೆ ಬಸ್ಸಿಗೆ ಭೀಮಕ್ಕನೇ ಅಡುಗೆಯವಳು. ಯಾವ ಕ್ಷೇತ್ರ ಹೇಗಿತ್ತೆಂದು ಕೇಳಿದರೂ ಅವಳು ಹೇಳುವುದು ನೀರಿನ ವಿಷಯವೇ: "ಗಯಾದಾಗೆ ಬ್ಯಾಳೆ ಬೇಯಾಕೆ ಭಾಳ ಹೊತ್ತು ಬೇಕ್ರೀ, ಸಾರನಾಥದ ನೀರು ಚೆನ್ನಾಗೈತೆ." ನಾವು ಬೋಧಿವೃಕ್ಷದ ಕೆಳಗೆ ಕಣ್ಣು ಮುಚ್ಚಿ ಕೂತಾಗ ಅವಳು ಬಸ್ಸಿನ ನೆರಳಲ್ಲಿ ಬೆಳ್ಳುಳ್ಳಿ ಸುಲಿಯುತ್ತಿದ್ದಳು. ಅಡುಗೆ ಇಳಿಸಿದರೆ ಮೊದಲ ತಟ್ಟೆ ಅವಳದೇ. ಉಂಡು, ಸೌಟನ್ನು ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಕೂರುವಳು; ಹಸಿದವರು ಎಷ್ಟು ಗೋಗರೆದರೂ "ತಡೀರಿ, ಒಂದೀಟು ಹೊತ್ತಾಗ್ಲಿ" ಎನ್ನುವಳು. "ರಾಣಿಯಮ್ಮಂದು ಅರಗ್ಲಿ, ಆಮ್ಯಾಲೆ ನಮ್ದು" ಎಂದು ಬಸ್ಸಿಗೆ ಬಸ್ಸೇ ನಗುತ್ತಿತ್ತು. ಕೊನೆಯ ದಿನ ಕುಶಿನಗರ. ಮಲಗಿದ ಬುದ್ಧಮೂರ್ತಿಯ ಎದುರು, ನಮ್ಮನ್ನು ಕರೆತಂದಿದ್ದ ಪರಶುರಾಮ್ ಮೇಷ್ಟ್ರು, ಕಮ್ಮಾರ ಚುಂದ ಬಡಿಸಿದ್ದನ್ನುಂಡು ಬುದ್ಧರು ಕಾಯಿಲೆ ಬಿದ್ದರೆಂದೂ, ಅದೇ ಅವರ ಕೊನೆಯ ಊಟವಾಯಿತೆಂದೂ, ಚುಂದನನ್ನು ಯಾರೂ ದೂರಬಾರದೆಂದು ಹೇಳಿಯೇ ಅವರು ಕಣ್ಮುಚ್ಚಿದರೆಂದೂ ವಿವರಿಸಿದರು. ಅದುವರೆಗೆ ಯಾವ ಗುಡಿಯ ಹತ್ತಿರವೂ ಸುಳಿಯದಿದ್ದ ಭೀಮಕ್ಕ ಬಾಗಿಲಲ್ಲಿ ನಿಂತಿದ್ದಳು. "ಆಮ್ಯಾಲೆ ಆ ಚುಂದನ ಕೈಯೂಟ ಯಾರಾದ್ರೂ ಉಂಡ್ರಾ, ಸಾರ್?" ಹಿಂದೆ ಭೀಮಕ್ಕ ಬಿಸಿಯೂಟ ಮಾಡುತ್ತಿದ್ದ ಶಾಲೆಯಲ್ಲಿ ಒಂದು ದಿನ ಉಂಡ ಮಕ್ಕಳೆಲ್ಲ ವಾಂತಿ ಮಾಡಿಕೊಂಡರೆಂದೂ, ಒಬ್ಬ ಹುಡುಗಿ ಉಳಿಯಲಿಲ್ಲವೆಂದೂ ನನ್ನ ಪಕ್ಕದ ಸೀಟಿನ ಯಶೋಧರಾ ಆಗ ಪಿಸುಗುಟ್ಟಿದಳು. ಮಧ್ಯಾಹ್ನ ಅಡುಗೆ ಇಳಿಸಿದ ಕೂಡಲೇ, ಭೀಮಕ್ಕ ತುತ್ತೆತ್ತುವ ಮೊದಲೇ, ನಾನು ತಟ್ಟೆ ಒಡ್ಡಿದೆ. "ಬ್ಯಾಡ್ರೀ," ಎಂದವಳೇ ಅವಳು ಕೊಳಗದ ಮೇಲೆ ಮುಚ್ಚಳ ಎಳೆದಳು.