ಸಂಜೆಯ ಚೌಕಾಸಿ

ಬೇಕರಿಯಣ್ಣ ಮಾತಿನಲ್ಲಿ ಮಹಾ ಜಿಪುಣ. ಬೆಳಿಗ್ಗೆಯಿಂದ ಭಟ್ಟಿಯ ಮುಂದೆ ಬೆವರು ಸುರಿಸುವ ಆ ಮನುಷ್ಯ ಗಿರಾಕಿಗಳೊಂದಿಗೆ ಆಡುತ್ತಿದ್ದದ್ದು ಬೆಲೆ, ಅದರ ಹಿಂದೆ "ಚಿಲ್ಲರೆ ಕೊಡಿ", ಅಷ್ಟೇ. ಹೆಂಡತಿ ತೀರಿಹೋದ ಮೇಲೆ ಅದೂ ಕಡಿಮೆಯಾಯಿತು. ಜೊತೆಗಿದ್ದ ಅಕ್ಕ, "ಇವನ ಬಾಯಿಂದ ಮಾತು ಹೊರಗೆ ಬರ್ಬೇಕಾದ್ರೆ ಇಕ್ಕಳ ಹಾಕಿ ಎಳೀಬೇಕು" ಎಂದು ರೇಗಿಸುತ್ತಿದ್ದಳು. ಅಂಥವನು ದಿನಕ್ಕೊಂದು ಸಲ ವಾಚಾಳಿಯಾಗುತ್ತಿದ್ದ. ಅದು ಸಂಜೆ, ಎದುರು ಸಾಲಿನ ಟೈಲರಮ್ಮ ತನ್ನ ಅಂಗಡಿಯ ಬಾಗಿಲೆಳೆದು ಬ್ರೆಡ್ಡಿಗೆ ಬರುವ ಹೊತ್ತು.

ಅವನ ಅಂಗಡಿಯಲ್ಲಿ ಬ್ರೆಡ್ಡಿಗೆ ಇಡೀ ದಿನ ಒಂದೇ ಬೆಲೆ ಇರುತ್ತಿರಲಿಲ್ಲ. ಬೆಳಿಗ್ಗೆ ಭಟ್ಟಿಯಿಂದ ಇಳಿದದ್ದಕ್ಕೆ ಪೂರ್ತಿ ಬೆಲೆ. ಬಿಸಿಬಿಸಿಯೇ ಬೇಕೆನ್ನುವ ಉಳ್ಳವರು ಗೊಣಗದೆ ಕೊಡುತ್ತಿದ್ದರು. ಮಧ್ಯಾಹ್ನ ಒಂದಿಷ್ಟು ಇಳಿಯುತ್ತಿತ್ತು. ಸಂಜೆ ಉಳಿದದ್ದಕ್ಕೆ ಬೆಲೆಯೇ ಇಲ್ಲ, ಬಾಯಿಗೆ ಬಂದಷ್ಟು. ಕೂಲಿಯವರು, ಒಂಟಿ ಮುದುಕರು ಆ ಹೊತ್ತಿಗೆ ಕಾದು ಬರುತ್ತಿದ್ದರು. ಇದನ್ನು ಯಾರೂ ಕೂತು ಯೋಜನೆ ಹಾಕಿದ್ದಲ್ಲ. ಉಳಿದರೆ ಹಾಳಾಗುತ್ತದೆ, ಹಾಳಾಗುವ ಮುಂಚೆ ಯಾರಾದರೂ ತಿನ್ನಲಿ ಎಂದು ತಾನಾಗಿಯೇ ಹುಟ್ಟಿದ ಏರ್ಪಾಡು. ಎಲ್ಲರಿಗಿಂತ ಕೊನೆಗೆ ಬರುತ್ತಿದ್ದವಳು ಟೈಲರಮ್ಮ.

"ಇದೇನ್ರೀ, ಬ್ರೆಡ್ಡೋ ಇಟ್ಟಿಗೆಯೋ?"

"ಇಟ್ಟಿಗೆ ಅಂದ್ರೆ ಇನ್ನೂ ಜಾಸ್ತಿ ಕೊಡ್ಬೇಕಾಗುತ್ತೆ, ಬ್ರೆಡ್ಡು ಅಂತ್ಲೇ ತಗೊಳ್ಳಿ."

"ಹಗಲು ದರೋಡೆ!"

"ಹಗಲೆಲ್ಲಿದೆ ಟೈಲರಮ್ಮ, ಹೊತ್ತು ಮುಳುಗ್ತಾ ಬಂತು."

ಆಕೆ ಎರಡು ಹೆಜ್ಜೆ ಹೋದಂತೆ ಮಾಡುತ್ತಿದ್ದಳು, ಇವನು ಕರೆಯುತ್ತಿದ್ದ. ಬೆಲೆ ಕುದುರುವಷ್ಟರಲ್ಲಿ ಆಕೆಯ ಮೊಣಕಾಲು ನೋವು, ಅಕ್ಕನ ಕೋಪ, ಹಿಂದಿನ ದಿನದ ಗಾಳಿ ಎಲ್ಲದರ ವಿಚಾರಣೆಯೂ ಮುಗಿದಿರುತ್ತಿತ್ತು. ಒಂಟಿ ಹೆಂಗಸಿನ ಅಂಗಡಿಗೂ ಒಂಟಿ ಗಂಡಸಿನ ಅಂಗಡಿಗೂ ನಡುವೆ ಒಂದು ರಸ್ತೆ ಇತ್ತು. ಅದನ್ನು ದಾಟಲು ಒಂದು ನೆಪ ಬೇಕಿತ್ತು, ಅದು ಈ ಚೌಕಾಸಿ.

ಆಗ ಸರ್ಕಾರಕ್ಕೆ ಇದ್ದಕ್ಕಿದ್ದಂತೆ ಬಡವರ ಮೇಲೆ ಪ್ರೀತಿ ಉಕ್ಕಿತು. ಪ್ರೀತಿ ಉಕ್ಕಲಿ, ಬೇಡವೆನ್ನುವವರು ಯಾರು? ಆದರೆ ಅದು ಬಡವರನ್ನು ಕೇಳಲು ಹೋಗದೆ ನೆಟ್ಟಗೆ ಬ್ರೆಡ್ಡಿನಲ್ಲಿ ಮೂಗು ತೂರಿಸಿತು. ಬೆಲೆ ಒಂದೇ, ತೂಕ ಒಂದೇ, ಬೆಳಿಗ್ಗೆಯಿಂದ ಸಂಜೆವರೆಗೆ. ಅದಕ್ಕಿಂತ ಹೆಚ್ಚಿಗೂ ಮಾರುವಂತಿಲ್ಲ, ಕಡಿಮೆಗೂ ಮಾರುವಂತಿಲ್ಲ. ಹಸಿರು ಬೋರ್ಡೊಂದು ಗೋಡೆಗೇರಿತು. ಬೆಳಗಿನ ಬೆಲೆಗಿಂತ ಅಗ್ಗವಾಯಿತೆಂದು ಕಾರಿನವರು ಬೆಳಿಗ್ಗೆಯೇ ಚೀಲ ತುಂಬಿಸಿಕೊಂಡು ಹೋದರು, ಹೋಟೆಲಿನವರು ಬುಟ್ಟಿಗಟ್ಟಲೆ ಹೊತ್ತರು. ಮೈದಾ ತುಟ್ಟಿ, ಸೌದೆ ತುಟ್ಟಿ, ಬ್ರೆಡ್ಡು ಮಾತ್ರ ಬೋರ್ಡು ಹೇಳಿದಷ್ಟಕ್ಕೇ. ಅವನು ಎರಡನೇ ಸಲ ಭಟ್ಟಿ ಹಚ್ಚುವುದನ್ನು ನಿಲ್ಲಿಸಿದ. ಸಂಜೆ ಬಂದ ಕೂಲಿಯವರು ಖಾಲಿ ಹಲಗೆ ನೋಡಿ, ಪಕ್ಕದ ಬೋರ್ಡನ್ನೂ ನೋಡಿ, ಸುಮ್ಮನೆ ಹೋದರು.

ಟೈಲರಮ್ಮನಿಗಾಗಿ ಅವನು ದಿನಾ ಒಂದು ಬ್ರೆಡ್ಡನ್ನು ಬಟ್ಟೆ ಸುತ್ತಿ ಗಲ್ಲಾದ ಕೆಳಗೆ ಇಡತೊಡಗಿದ. ಆಕೆ ಬರುತ್ತಿದ್ದಳು, ಬೋರ್ಡಿನ ಕಡೆ ಒಮ್ಮೆ ನೋಡಿ ಅಷ್ಟೇ ದುಡ್ಡನ್ನು ಮೇಜಿನ ಮೇಲಿಡುತ್ತಿದ್ದಳು. ಕುದುರಿಸಲು ಏನೂ ಉಳಿದಿರಲಿಲ್ಲ. "ಬರ್ತೀನಿ" ಅನ್ನುತ್ತಿದ್ದಳು. "ಹೂಂ" ಅನ್ನುತ್ತಿದ್ದ.

ಒಂದು ಸಂಜೆ ತಪಾಸಣೆಯ ಇನ್‌ಸ್ಪೆಕ್ಟರು ಬಗ್ಗಿ ಆ ಬಟ್ಟೆಯ ಗಂಟನ್ನು ಎಳೆದ. "ಬಚ್ಚಿಟ್ಟಿದೀಯಾ? ಯಾರಿಗೆ?" ಬೇಕರಿಯಣ್ಣ ಬಾಯಿ ಬಿಡಲಿಲ್ಲ. ರಸ್ತೆಯ ಜನವೆಲ್ಲ ನಿಂತು ನೋಡುತ್ತಿರುವಾಗ ಬಾಯಿಗೆ ಬಂದಂತೆ ಬೈಸಿಕೊಂಡ, ದಂಡ ಕಟ್ಟಿದ. ಜನರ ಹಿಂದೆ ಟೈಲರಮ್ಮ ಚೀಲ ಹಿಡಿದು ನಿಂತಿದ್ದಳು. ತನ್ನಿಂದಲೇ ಇದಾಯಿತೆಂದು ಆಕೆಗೆ ಅರ್ಥವಾಯಿತು. ಮಾರನೆಯ ದಿನದಿಂದ ಆಕೆ ರಸ್ತೆ ದಾಟಲಿಲ್ಲ.

ಅವನಿಗೆ ಸಂಜೆ ಅನ್ನುವುದೇ ಬೇಡವಾಯಿತು. ಎದುರಿನ ಅಂಗಡಿಯ ಬಾಗಿಲು ಎಳೆಯುವ ಸದ್ದು ಕೇಳಿದರೆ ಈಗಲೂ ಕೈ ಒರೆಸಿಕೊಳ್ಳುತ್ತಿದ್ದ. ಆ ಹೆಜ್ಜೆ ಇತ್ತ ತಿರುಗದೆ ಬಲಕ್ಕೆ ಹೊರಟುಹೋಗುತ್ತಿತ್ತು. "ಹಗಲು ದರೋಡೆ" ಎಂದು ಯಾರಾದರೂ ಒಮ್ಮೆ ಬೈಯಲಿ ಎಂದು ಅವನ ಜೀವ ಹಂಬಲಿಸುತ್ತಿತ್ತು. ಯಾರೂ ಬೈಯಲಿಲ್ಲ. ಬೋರ್ಡಿನ ಬೆಲೆಗೆ ಯಾರು ಯಾರನ್ನು ಬೈಯುತ್ತಾರೆ?

ಬೇಕರಿಗಳು ಒಂದೊಂದಾಗಿ ಮುಚ್ಚತೊಡಗಿದಾಗ ಸರ್ಕಾರ ಸದ್ದಿಲ್ಲದೆ ಆಜ್ಞೆಯನ್ನು ಹಿಂದಕ್ಕೆ ತೆಗೆದುಕೊಂಡಿತು. ಬೇಕರಿಯಣ್ಣ ಅಂದೇ ಬೋರ್ಡು ಕಿತ್ತ, ಎರಡನೇ ಸಲ ಭಟ್ಟಿ ಹಚ್ಚಿದ. ಕೂಲಿಯವರು ಬಂದರು, ಮುದುಕರು ಬಂದರು. ಆಕೆ ಬರಲಿಲ್ಲ. ವಾರವೆಲ್ಲ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾದ.

"ಕಾಲೇನು ಮುರಿದಿದೆಯಾ ನಿಂಗೆ?" ಅಂದಳು ಅಕ್ಕ. ಅವನ ಕೈಗೊಂದು ಶರ್ಟಿನ ಬಟ್ಟೆ ತುರುಕಿದಳು.

ಹಾಗೆ ಅವನೇ ರಸ್ತೆ ದಾಟಿದ. ದಾರಿಯುದ್ದಕ್ಕೂ ಹೊಲಿಗೆಯ ದರಕ್ಕೆ ಹೇಗೆ ಜಗಳ ತೆಗೆಯಬೇಕೆಂದು ಮನಸ್ಸಿನಲ್ಲೇ ಮಾತು ಹೊಂದಿಸಿಕೊಂಡ. ಟೈಲರಮ್ಮ ಮಿಷನ್ ನಿಲ್ಲಿಸಿ, ಟೇಪು ಹಿಡಿದು ಭುಜದ ಅಳತೆ ತೆಗೆದಳು. ಆಕೆಯ ಬೆರಳು ಕುತ್ತಿಗೆಗೆ ತಗುಲಿತು.

"ಎಷ್ಟಾಗುತ್ತೆ?" ಎಂದ.

ಆಕೆ ಗೋಡೆಯ ಕಡೆ ಕೈ ತೋರಿಸಿದಳು. ಅಲ್ಲೊಂದು ಹಸಿರು ಬೋರ್ಡು ಇತ್ತು, ಬಣ್ಣ ಇನ್ನೂ ಹೊಸದು. ಶರ್ಟಿಗೆ ಇಷ್ಟು, ಪ್ಯಾಂಟಿಗೆ ಇಷ್ಟು, ಕಾಜಾ ಗುಂಡಿಗೆ ಇಷ್ಟು. ಬ್ರೆಡ್ಡಿನಿಂದ ತೆಗೆದ ಕೈಯನ್ನು ಸರ್ಕಾರ ಸೂಜಿದಾರದ ಮೇಲೆ ಇಟ್ಟಿತ್ತು.

ಅವನು ಬೋರ್ಡನ್ನು ಓದಿದ. ಮತ್ತೊಮ್ಮೆ ಓದಿದ. ಹೊಂದಿಸಿಕೊಂಡು ಬಂದ ಮಾತುಗಳಲ್ಲಿ ಒಂದೂ ನೆನಪಾಗಲಿಲ್ಲ.

"ಹಗಲು ದರೋಡೆ" ಎಂದ, ಕೇಳಿಯೂ ಕೇಳಿಸದಷ್ಟು ಮೆಲ್ಲಗೆ.

ಟೈಲರಮ್ಮ ಅವನನ್ನೇ ನೋಡುತ್ತ ನಿಂತಳು. ಆಮೇಲೆ ಸ್ಟೂಲು ಎಳೆದು, ನೋಯುವ ಮೊಣಕಾಲನ್ನು ಹಿಡಿದುಕೊಂಡೇ ಹತ್ತಿ, ಬೋರ್ಡನ್ನು ಗೋಡೆಗೆ ಮುಖ ಮಾಡಿ ತಿರುಗಿಸಿದಳು. ದಂಡ ಬೀಳುತ್ತದೆಂದು ಇಬ್ಬರಿಗೂ ಗೊತ್ತಿತ್ತು.

"ಕೂತ್ಕೊಳ್ಳಿ" ಅಂದಳು ಇಳಿಯುತ್ತ. "ನೀವೆಷ್ಟು ಅಂತೀರಾ?"