ಹೊನ್ನಿ ತಿದ್ದಿದ ಪುಟಗಳು

ಬೆಳಗಿನ ಐದೂವರೆ. ಬೇಲೆಕೇರಿಯ ತಮ್ಮ ಅಡುಗೆಮನೆಯಲ್ಲಿ ಹೊನ್ನಿ ಗೌಡ ಕಣ್ಣು ಮುಚ್ಚಿ ಕುಳಿತಿದ್ದಾರೆ. ಒಲೆಯ ಮೇಲೆ ಗಂಜಿ, ತೊಡೆಯ ಮೇಲೆ ಹಳೆಯ ಲ್ಯಾಪ್‌ಟಾಪ್. ಕಂಪ್ಯೂಟರಿನ ದನಿ ಪಿಯುಸಿ ಇತಿಹಾಸ ಓದುತ್ತಿದೆ. ಒಂದು ಪದ ಎಡವುತ್ತದೆ. ಹೊನ್ನಿ ಕಣ್ಣು ಬಿಟ್ಟು, ಪಕ್ಕದ ಪುಸ್ತಕ ನೋಡಿ, ಬಿಟ್ಟುಹೋದ ಒತ್ತಕ್ಷರ ಸೇರಿಸಿ ಮತ್ತೆ ಕಣ್ಣು ಮುಚ್ಚುತ್ತಾರೆ. ಏಳೂವರೆಯ ಬಸ್ಸಿಗೆ ಮೊದಲು ಹತ್ತು ಪುಟ ಮುಗಿಯಬೇಕು.

ನಲವತ್ತಾರರ ಹೊನ್ನಿ ಓದಿದ್ದು ಎಸ್ಸೆಸ್ಸೆಲ್ಸಿ. ಅಂಕೋಲೆಯಲ್ಲಿ ಸಾಯಿನಾಥ ಅವರ ಝೆರಾಕ್ಸ್ ಅಂಗಡಿಯಲ್ಲಿ ಕೆಲಸ. ಏಳು ವರ್ಷಗಳ ಹಿಂದೆ ಕಣ್ಣು ಕಾಣದ ವಿನುತಾ ತನ್ನ ಹತ್ತನೆಯ ತರಗತಿಯ ಪುಸ್ತಕ ಸ್ಕ್ಯಾನ್ ಮಾಡಿಸಿಕೊಂಡು ಹೋದವಳು ಮರುದಿನವೇ ತಿರುಗಿ ಬಂದಳು. ಸ್ಕ್ಯಾನ್ ಮಾಡಿದ್ದು ಬರೀ ಚಿತ್ರ, ಅಕ್ಷರವಾಗದೆ ಕಂಪ್ಯೂಟರ್ ಅದನ್ನು ಓದಿ ಹೇಳುವುದಿಲ್ಲ ಎಂದು ವಿವರಿಸಿದಳು. ಚಿತ್ರವನ್ನು ಅಕ್ಷರವಾಗಿಸುವ ತಂತ್ರಾಂಶವನ್ನೂ ಅವಳೇ ಕಲಿಸಿದಳು. ಅದು ಒತ್ತಕ್ಷರಗಳನ್ನು ನುಂಗುತ್ತಿತ್ತು. ತಿದ್ದುವುದು ಹೊನ್ನಿಯ ಪಾಲಿಗೆ ಬಂತು.

ಆ ವರ್ಷವೇ ಒಂದು ತಪ್ಪಾಯಿತು. ವಿಜ್ಞಾನದ ಪುಟವೊಂದರಲ್ಲಿ ‘ಧಮನಿ’ ಎಂದಷ್ಟೇ ಉಳಿದಿತ್ತು. ಬಸ್ಸಿನ ಅವಸರದಲ್ಲಿ ಹೊನ್ನಿ ಪುಸ್ತಕ ನೋಡದೆ ‘ಅಭಿಧಮನಿ’ ಎಂದು ತುಂಬಿಸಿದರು. ಇರಬೇಕಾದ್ದು ‘ಅಪಧಮನಿ’. ಹೃದಯದಿಂದ ರಕ್ತ ಒಯ್ಯುವುದು ಅಭಿಧಮನಿ ಎಂದೇ ವಿನುತಾ ಪರೀಕ್ಷೆಯಲ್ಲಿ ಹೇಳಿ ಬರೆಸಿದಳು. ಅಂಕ ಹೋಯಿತು. ಅಂಗಡಿಗೆ ಬಂದ ಹುಡುಗಿ ಸಿಟ್ಟು ಮಾಡಲಿಲ್ಲ.

“ಅಕ್ಕಾ, ನೀವು ಕೊಟ್ಟದ್ದೇ ನಂಗೆ ಪುಸ್ತಕ. ತಿರುಗಿ ನೋಡೂಕೆ ನಂಗೆ ಬೇರೆದಿಲ್ಲ,” ಎಂದಳು.

“ಅವತ್ತಿಂದ ಅಂದಾಜಿಗೆ ಒಂದಕ್ಷರನೂ ಹಾಕೂದಿಲ್ಲ,” ಎನ್ನುತ್ತಾರೆ ಹೊನ್ನಿ. “ಗೊತ್ತಾಗ್ಲಿಲ್ಲ ಅಂದ್ರೆ ಮಾಸ್ತರರ ಹತ್ರ ಕೇಳ್ತೆ. ಕಣ್ಣು ಮುಚ್ಕಂಡಿ ಪೂರ್ತಿ ಕೇಳ್ದೆ ಪುಟ ಕೊಡೂದಿಲ್ಲ.”

ಚಿತ್ರಗಳನ್ನೂ ಅವರು ಮಾತಿನಲ್ಲಿ ಬರೆಯುತ್ತಾರೆ. ಹೃದಯವನ್ನು ನಾಲ್ಕು ಕೋಣೆಯ ಮನೆ ಎಂದು ಬರೆದಾಗ, ಯಾವ ಬಾಗಿಲು ಯಾವ ಕಡೆಗೆ ತೆರೆಯುತ್ತದೆ ಎಂದು ವಿನುತಾ ಕೇಳಿದಳು. ಐದು ಸಲ ತಿದ್ದಿ ಬರೆದ ಮೇಲೆ ಒಪ್ಪಿದಳು.

ಇಂದು ಅಂಕೋಲೆ, ಕಾರವಾರದ ಹದಿನಾಲ್ಕು ಮಕ್ಕಳು ಈ ಪುಟಗಳನ್ನು ನಂಬಿದ್ದಾರೆ. ಐವತ್ತೆಂಟು ಪುಸ್ತಕಗಳಾಗಿವೆ. ಸ್ಕ್ಯಾನರ್ ಸವೆಯುತ್ತದೆ ಎಂದು ಮೊದಮೊದಲು ಗೊಣಗಿದ ಸಾಯಿನಾಥರೇ ಈಗ ಲ್ಯಾಪ್‌ಟಾಪ್ ಕೊಟ್ಟಿದ್ದಾರೆ. ಬಂದರಿನಲ್ಲಿ ಮೀನಿನ ಬುಟ್ಟಿ ಹೊರುವ ಗಂಡ ನಾಗು ಅವರಿಗೂ ದಿನಾ ಬೆಳಿಗ್ಗೆ ಆ ದನಿ ಕೇಳಿ ಕೇಳಿ ಮೊಹೆಂಜೊದಾರೊದ ಚರಂಡಿಗಳು ಬಾಯಿಪಾಠ. ಹೊನ್ನಿಗೆ ಕುತ್ತಿಗೆ ನೋವು ಮಾತ್ರ ಬಿಟ್ಟಿಲ್ಲ.

ವಿನುತಾ ಈಗ ಕಾರವಾರದಲ್ಲಿ ಬಿ.ಎಡ್. ಓದುತ್ತಿದ್ದಾಳೆ. ಮೊನ್ನೆ ಶಾಲೆಯೊಂದರಲ್ಲಿ ಮೊದಲ ಪಾಠ ಮಾಡಿ, ಹೊರಬಂದವಳೇ ಹೊನ್ನಿಗೆ ಫೋನ್ ಮಾಡಿದಳು. ಪಾಠದ ವಿಷಯ ರಕ್ತಪರಿಚಲನೆ.

ಏನಾದರೂ ಆಸೆಯಿದೆಯೇ ಎಂದರೆ ಹೊನ್ನಿ ಪುಸ್ತಕ ತಡವಾಗುವ ಮಾತೆತ್ತುತ್ತಾರೆ. ಅವರು ಎಷ್ಟು ಬೇಗ ಎದ್ದರೂ ಕೆಲವು ಪುಸ್ತಕ ಮಕ್ಕಳ ಕೈಸೇರುವಾಗ ದಸರಾ ಬಂದಿರುತ್ತದೆ.

“ಶಾಲೆ ಶುರುವಾದ ದಿನವೇ ಇವ್ರಿಗೂ ಓದೂಕೆ ಬರೂ ಪುಸ್ತಕ ಸಿಗ್ಬೇಕು. ಅಚ್ಚು ಮಾಡುವವ್ರೇ ಹಂಗೆ ಕೊಟ್ರೆ ನನ್ನ ಕೆಲ್ಸ ಬೇಡಾಗ್ತದೆ. ಅಡ್ಡಿಲ್ಲ. ಝೆರಾಕ್ಸ್ ಮಾಡೂದು ಇದ್ದೇ ಅದ್ಯಲ್ಲ.”