ಭಾಗಾಬಾಯಿಯ ಬಗೀಚೆಯಲ್ಲಿ ಮೂಗು ಮುಚ್ಚಿದ ತಿಂಗಳು

ಕರಜಗಿಯ ಭಾಗಾಬಾಯಿ ಸೊಲ್ಲಾಪುರದ ಗಿರಣಿಯೊಂದರಲ್ಲಿ ಹದಿನೆಂಟು ವರ್ಷ ದುಡಿದವಳು. ಹತ್ತಿಯ ಧೂಳು ಹಾರಾಡುವ ಆ ಜಾಗದಲ್ಲಿ ಮೂಗಿಗೆ ಬಟ್ಟೆ ಕಟ್ಟದೆ ಒಂದು ತಾಸೂ ನಿಲ್ಲುವಂತಿರಲಿಲ್ಲ. ಆಮೇಲೆ ಅದೇ ಊರಿನ ವಿಜಾಪುರ ರಸ್ತೆಯ ಪಕ್ಕದ ಮಕ್ಕಳ ಬಗೀಚೆಯಲ್ಲಿ ಅವಳಿಗೆ ಕಾವಲಿನ ಕೆಲಸ ಸಿಕ್ಕಿತು.

೧೯೭೮ರ ಚಳಿಗಾಲದಲ್ಲಿ ಊರಿಗೆ ಫ್ಲೂ ಬಂತು. ಹೆಚ್ಚಾಗಿ ಸಾಲೆಯ ಮಕ್ಕಳನ್ನೇ ಹಿಡಿಯುತ್ತಿತ್ತು. ಬಗೀಚೆಗೆ ಬೀಗ ಹಾಕಲು ನಗರಸಭೆಯ ಸಾಹೇಬರು ಬಂದಾಗ ಭಾಗಾಬಾಯಿ ಗೇಟಿಗೆ ಅಡ್ಡ ನಿಂತಳು.

"ಮನ್ಯಾಗ ಒಂದ ಖೋಲ್ಯಾಗ ಎಂಟ ಮಂದಿ ಕೂಡಿ ಕೆಮ್ಮತಾರ್ರಿ. ಇಲ್ಲಿ ಗಾಳಿ ಐತಿ. ಎಲ್ಲಾರ ಮೂಗಿಗೂ ಬಟ್ಟಿ ಕಟ್ಟಸ್ತೀನಿ, ನನಗ ಬಿಡ್ರಿ."

ಸಾಹೇಬರು ಒಪ್ಪಿದರು.

ಮರುದಿನದಿಂದ ಅವಳದೇ ಕಾಯಿದೆ. ಮಕ್ಕಳಾಗಲಿ, ಕರೆತಂದವರಾಗಲಿ, ಮೂಗು ಬಾಯಿ ಮುಚ್ಚಬೇಕು. ಕೆಮ್ಮಿದವರು, ಸೀನಿದವರು ಮನೆಗೆ ನಡೆಯಬೇಕು. ಮೊದಲ ದಿನವೇ ಮಕ್ಕಳು ಮೂಗಿಗೆ ಕಟ್ಟಿದ ಕೆಂಪು ದಸ್ತಿ ಕೊಟ್ಟು ನೀಲಿ ದಸ್ತಿ ಇಸಿದುಕೊಂಡು ವ್ಯಾಪಾರ ಶುರುಮಾಡಿದ್ದವು. ಒಬ್ಬ ತಂದೆ ತನ್ನ ಹುರಿಮೀಸೆ ಕೆಡಬಾರದೆಂದು ಬಟ್ಟೆಯನ್ನು ಗದ್ದಕ್ಕೆ ಕಟ್ಟಿಕೊಂಡು ಬಂದ.

"ಮೀಸಿಗೆ ಏನೂ ಆಗೂದಿಲ್ರಿ ಅಣ್ಣಾರ, ಮ್ಯಾಲ ಏರಸ್ರಿ!"

ಎಲ್ಲರೂ ಬಗ್ಗಿದರು, ಅರಿವೆ ವ್ಯಾಪಾರಿ ರಾಚಪ್ಪನ ತಾಯಿ ಕಸ್ತೂರಬಾಯಿಯೊಬ್ಬಳನ್ನು ಬಿಟ್ಟು. ಮೊಮ್ಮಗಳು ನೀಲಗಂಗಾಳ ಕೈಹಿಡಿದು ಬಂದವಳು ಗೇಟಿನಲ್ಲೇ ಸಿಡುಕಿದಳು.

"ಬಾಯಿ ಮುಚ್ಕೊಂಡ ಕೂಡ್ರಂತೀ? ನಮ್ಮ ಅತ್ತಿ ಮುಂದ ಸೈತ ನಾ ಬಾಯಿ ಮುಚ್ಚಿಲ್ಲ!"

"ಬೇಕಾದಷ್ಟ ಮಾತಾಡ್ರಿ ಅವ್ವಾರ. ಬಟ್ಟಿ ಒಳಗಿಂದ ಮಾತಾಡ್ರಿ."

ಅಷ್ಟರಲ್ಲಿ ನೀಲಗಂಗಾ ಜೋಕಾಲಿ ಬೇಕೆಂದು ಅಳತೊಡಗಿದಳು. ಕಸ್ತೂರಬಾಯಿ ಇಳಕಲ್ ಸೆರಗನ್ನು ಮೂಗಿನ ಮೇಲೆಳೆದುಕೊಂಡು ಒಳಗೆ ಹೋದಳೇನೋ ನಿಜ, ಆದರೆ ಕಣ್ಣು ಮಾತ್ರ ಭಾಗಾಬಾಯಿಯ ತಪ್ಪು ಹುಡುಕುತ್ತಲೇ ಇತ್ತು.

ನಾಲ್ಕನೆಯ ದಿನ ಅದು ಸಿಕ್ಕಿತು. ಭಾಗಾಬಾಯಿ ಶೇಂಗಾ ತಿನ್ನಲು ಬಟ್ಟೆ ಕೆಳಗೆಳೆದವಳು ಮೂರು ಸಲ ಸೀನಿದಳು.

"ಸೀನಿದವ್ರು ಮನಿಗೆ ಹೋಗಬೇಕು ಅಂದಾಕಿ ಯಾರ?" ಕಸ್ತೂರಬಾಯಿ ಎದ್ದು ನಿಂತಳು. ಜೋಕಾಲಿಗಳೂ ನಿಂತವು.

ಶೇಂಗಾ ಸಿಪ್ಪೆಯ ಧೂಳು ಎಂದುಬಿಡಬಹುದಿತ್ತು. ಆದರೆ ಬೆಳಗಿನಿಂದ ಮೈ ಕಾದದ್ದು ಭಾಗಾಬಾಯಿಗೆ ಗೊತ್ತಿತ್ತು. ಕೆಲಸದ ಹುರುಪಿನಲ್ಲಿ ಲೆಕ್ಕಿಸಿರಲಿಲ್ಲ. ನಾಚಿಕೆಯಾಯಿತು. ಬಟ್ಟೆ ಬಿಗಿದಳು.

"ಖರೇ ಐತ್ರಿ. ನಾ ಹೋಗ್ತೀನಿ. ಆದ್ರ ಗೇಟ ಯಾರ ಕಾಯ್ತಾರ?"

ಕಸ್ತೂರಬಾಯಿ ಇದನ್ನು ಯೋಚಿಸಿರಲಿಲ್ಲ. ಸುತ್ತ ನೋಡಿದಳು. ಮಕ್ಕಳೆಲ್ಲ ಅವಳನ್ನೇ ನೋಡುತ್ತಿದ್ದವು.

"ಕೀಲಿ ಅಲ್ಲಿ ಕಟ್ಟಿ ಮ್ಯಾಲ ಇಟ್ಟ ಹೋಗು."

ಭಾಗಾಬಾಯಿ ಎಂಟು ದಿನ ಜ್ವರದಲ್ಲಿ ಮಲಗಿದಳು. ಬಗೀಚೆಯಲ್ಲಿ ಶಿಸ್ತು ಹಾಳಾಗಿರಬೇಕೆಂದೇ ಅವಳ ಚಿಂತೆ. ಒಂಬತ್ತನೆಯ ದಿನ ಹೋಗಿ ನೋಡಿದರೆ ಗೇಟಿನಲ್ಲಿ ಸಾಲು! ಕಸ್ತೂರಬಾಯಿ ಒಬ್ಬೊಬ್ಬರನ್ನೂ ನಿಲ್ಲಿಸಿ ಗಂಟು ಜಗ್ಗಿ ನೋಡುತ್ತಿದ್ದಳು. ಹಿಂದಿನ ದಿನ ಕೆಮ್ಮಿದನೆಂದು ಸ್ವಂತ ಮಗ ರಾಚಪ್ಪನನ್ನೇ ಹೊರಗಟ್ಟಿದ್ದಳಂತೆ.

"ಜ್ವರಾ ಪೂರಾ ಬಿಟ್ಟೇತೇನ್ರಿ ಭಾಗಾಬಾಯಿ?" ಎಂದಳು. ಆ 'ರಿ' ಹೊಸದು. "ಬರ್ರಿ, ಈ ಹುಡುಗೂರು ನನ್ನ ಜೀವಾ ತಿಂದಾರ."

ತಿಂಗಳಲ್ಲಿ ಫ್ಲೂ ಹೋಯಿತು, ದಸ್ತಿಗಳೂ ಹೋದವು. ಕಸ್ತೂರಬಾಯಿ ಮಾತ್ರ ದಿನಾ ಬರುತ್ತಿದ್ದಳು. ಮಕ್ಕಳು ಸಾಲೆಗೆ ಹೋಗಿದ್ದ ಒಂದು ಮಧ್ಯಾಹ್ನ ಇಬ್ಬರೂ ಏರಿಳಿಯುವ ಸೀಸಾ ಹಲಗೆಯ ಎರಡು ತುದಿಗೆ ಕುಳಿತರು. ತೂಕದ ಕಸ್ತೂರಬಾಯಿ ನೆಲಕ್ಕಂಟಿದಳು, ಕಡ್ಡಿಯಂಥ ಭಾಗಾಬಾಯಿ ಮೇಲಕ್ಕೇರಿದಳು.

"ಇಳಸ್ರಿ ಅವ್ವಾರ!"

"ತಡೀರಿ. ಅಲ್ಲಿಂದ ನಮ್ಮ ಮನಿ ಕಾಣ್ತೈತೇನ ನೋಡಿ ಹೇಳ್ರಿ."